ಮಾಡದ ತಪ್ಪಿನ ಮನ್ನಿಪ್ಪು

ಹೋದ ತಿಂಗಳು ಧರ್ಮಪುರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ತೊಪ್ಪೂರು ಘಾಟಿ ಮುಗಿದು ಊರು ಹತ್ತಿರವಾಗೋ ಹೊತ್ತಿಗೆ ಸಬ್ಬಕ್ಕಿ ಮಿಲ್ಲಿನ ವಾಸನೆ ಒಳಗೆ ನುಗ್ಗಿತು. ಗೊತ್ತಿಲ್ಲದವರಿಗೆ ಆ ವಾಸನೆ ಹೇಳೋದು ಕಷ್ಟ. ಮರಗೆಣಸು ಅರೆದು ಹಾಲು ತೆಗೆದ ಮೇಲೆ ಮಿಕ್ಕ ನೀರನ್ನು ಗುಂಡಿಗೆ ಬಿಡ್ತಾರೆ. ಅದು ಅಲ್ಲೇ ನಿಂತು ಬಿಸಿಲಿಗೆ ಹುಳಿತು ನಾರುತ್ತೆ. ಪಕ್ಕದ ಹೆಂಗಸು ಸೆರಗು ಮೂಗಿಗೆ ಒತ್ತಿಕೊಂಡು "ಚೀ, ಎನ್ನ ನಾತ್ತಂ" ಅಂದಳು. ನನಗೆ ಸುಮ್ಮನೆ ಅವಳ ಮೇಲೆ ಸಿಟ್ಟು ಬಂತು. ಅದೇ ನಾತದಲ್ಲಿ ಮಾರ್ಗಳಿ ಚಳಿಯಿಂದ ಪಂಗುನಿ ಬಿಸಿಲಿನ ತನಕ ಕೂತು ನಾನು ಗೆಣಸು ಸುಲಿದಿದ್ದೀನಿ. ಸಂಬಳಕ್ಕಲ್ಲ. ನನ್ನ ತಮ್ಮನ ತಲೆ ಉಳಿಯೋದು ಬಿಡೋದು ಆ ಮಿಲ್ಲಿನಲ್ಲಿ ಕೆಲಸ ಮಾಡೋ ಒಬ್ಬ ತಾಯಿಯ ಕೈಯಲ್ಲಿತ್ತು.

ನನ್ನ ಹೆಸರು ಸರೋಜ. ಮೇಚೇರಿ ಸಂತೆ ಬೀದಿಯಲ್ಲಿ ಬ್ಲೌಸ್ ಹೊಲಿಯೋಳು. ಮನೆಯಲ್ಲಿ ಆಡೋದು ಕನ್ನಡ, ಸ್ಕೂಲಲ್ಲಿ ಕಲಿತದ್ದು ತಮಿಳು. ಅಮ್ಮನ ತವರು ಕೊಳ್ಳೇಗಾಲದ ಕಡೆ, ಚಿಕ್ಕವಳಿದ್ದಾಗ ಅಲ್ಲಿ ಸ್ವಲ್ಪ ಓದಿದ್ದಕ್ಕೆ ಈ ಅಕ್ಷರ ಕೈಗೆ ಬಂದಿದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮ ಯಜಮಾನರು ಬಂದವರಿಗೆಲ್ಲ ಹೇಳ್ತಾರೆ. ಇರುತ್ತೆ, ಏನೀಗ?

ತಮ್ಮನ ಹೆಸರು ಮಾದೇಶ. ನಮ್ಮದು ತಲೆತಲಾಂತರದಿಂದ ಕುರಿ ಸಾಕೋ ಮನೆ. ಕುರಿ ನೋಡಿಕೊಳ್ಳೋ ಕೆಲಸ ಇದೆ ಅಂತ ಯಾರೋ ಹೇಳಿ ಅವನು ಸೌದಿಗೆ ಹೋದ. ಗಲ್ಫಿನ ಯಾವ ದೇಶಕ್ಕೆ ಹೋದರೂ ನಮ್ಮ ಕಡೆ ಸೌದಿ ಅಂತಲೇ ಅನ್ನೋದು, ನಾನೂ ಹಾಗೇ ಅನ್ನುತ್ತೀನಿ. ಮರಳುಗಾಡಿನ ನಡುವೆ ಒಂದು ಕುರಿ ದೊಡ್ಡಿ, ಒಂದು ಟೆಂಟು. ಜೊತೆಗೆ ಇನ್ನೊಬ್ಬ ಹುಡುಗ, ಧರ್ಮಪುರಿಯ ಇಲಿಯಾಸ್. ಅವನ ತಾಯಿ ತೇನ್‌ಕನಿಕೋಟೆ ಕಡೆಯವರಾದ್ದರಿಂದ ಅವನಿಗೂ ಕನ್ನಡ ಬರ್ತಿತ್ತು. "ಅಕ್ಕ, ಇಲ್ಲೂ ನಮ್ಮ ಮಾತಾಡೋನು ಒಬ್ಬ ಅವ್ನೆ" ಅಂತ ಮಾದೇಶ ಮೊದಲ ಸಲ ಫೋನ್ ಮಾಡಿದಾಗ ನಾನು ದೇವರಿಗೆ ಕೈ ಮುಗಿದಿದ್ದೆ.

ಬೇಸಿಗೆಯಲ್ಲಿ ಒಂದು ದಿನ ನೀರಿನ ಟ್ಯಾಂಕರ್ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಡ್ರಮ್ಮಿನ ತಳದಲ್ಲಿ ಉಳಿದಿದ್ದ ನೀರಲ್ಲಿ ಮಾದೇಶ ಮರಿ ಹಾಕ್ತಿದ್ದ ಕುರಿಗೆ ಮೊದಲು ಕುಡಿಸಿದ. ಕುರಿ ಕುಡಿದ ಮೇಲೇ ನೀನು ಅಂತ ನಮ್ಮಪ್ಪ ಚಿಕ್ಕಂದಿನಲ್ಲೇ ಬೆತ್ತ ಹಿಡಿದು ಕಲಿಸಿದ್ದು, ಎಲ್ಲಿಗೆ ಹೋದರೂ ಅದೇ ಬುದ್ಧಿ. ಬಾಯಾರಿ ತಲೆ ಕೆಟ್ಟಿದ್ದ ಇಲಿಯಾಸ್ ಟೆಂಟಿನ ಕಬ್ಬಿಣದ ಸಲಾಕೆ ಕಿತ್ತುಕೊಂಡು ಅವನ ಮೇಲೆ ಬಂದ. ಮಾದೇಶ ಕುರಿ ಕೋಲಿನಿಂದ ಮೊದಲು ಅವನ ಕೈಗೆ ಹೊಡೆದ. ಸಲಾಕೆ ಬೀಳಲಿಲ್ಲ. ಎರಡನೇ ಏಟು ಭುಜಕ್ಕೆ ಅಂತ ಬೀಸಿದ್ದು ಕಿವಿಯ ಪಕ್ಕ ಬಿತ್ತು. ಹುಡುಗ ಕುಸಿದ. ಉಳಿದ ಒಂದು ಗುಟುಕು ನೀರನ್ನು ಮಾದೇಶ ಅವನ ಬಾಯಿಗೆ ಬಿಟ್ಟ. ಅದನ್ನು ನುಂಗಿದ ಮೇಲೆ ಜೀವ ಹೋಗಿಬಿಟ್ಟಿತು.

ಆಮೇಲೆ ನನ್ನ ತಮ್ಮ ಮಾಡಿದ್ದನ್ನು ನೆನೆದರೆ ಇವತ್ತಿಗೂ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ. ಬೇರೆ ಯಾರಾದರೂ ಆಗಿದ್ದರೆ ಓಡಿ ಹೋಗೋರು, ಇಲ್ಲ ಇದ್ದದ್ದು ಇದ್ದ ಹಾಗೇ ಬಿಟ್ಟು ಜನ ಕರೆಯೋರು. ಇವನು ನಮ್ಮ ಮನೆಯಲ್ಲಿ ಯಾರು ಸತ್ತರೂ ಮಾಡೋ ಹಾಗೆ ಮಾಡಿದ. ಕಣ್ಣು ಮುಚ್ಚಿಸಿದ. ಬಾಯಿ ತೆರೆದುಕೊಳ್ಳದ ಹಾಗೆ ಗಲ್ಲದ ಕೆಳಗಿಂದ ಟವಲು ತಂದು ನೆತ್ತಿಯ ಮೇಲೆ ಗಂಟು ಹಾಕಿದ. ಕಾಲು ನೆಟ್ಟಗೆ ಮಾಡಿ, ಬಟ್ಟೆ ಸಿಗದೆ, ಕುರಿ ಕಟ್ಟೋ ಹಗ್ಗದಲ್ಲೇ ಎರಡು ಹೆಬ್ಬೆರಳು ಸೇರಿಸಿ ಪಾದಕ್ಕೂ ಒಂದು ಸುತ್ತು ಸುತ್ತಿದ. ಹೆಣಕ್ಕೆ ಬಿಸಿಲು ಬೀಳಬಾರದು ಅಂತ ಸತ್ತವನ ಕೈಯಲ್ಲಿದ್ದ ಸಲಾಕೆ ಬಿಡಿಸಿ ಟೆಂಟು ಮತ್ತೆ ನೆಟ್ಟ. ಎಲ್ಲ ಮುಗಿಸಿ ರಸ್ತೆ ತನಕ ನಡೆದು ಹೋಗಿ, ಹಿಂಗಾಯ್ತು ಅಂತ ತಾನೇ ಹೇಳಿದ.

ಪೋಲೀಸರು ಬರೋ ಹೊತ್ತಿಗೆ ಟವಲು ಜಾರಿ ಬಾಯಿಗೆ ಬಂದಿತ್ತು. ಕಾಲಿಗೆ ಹಗ್ಗ. ಹೆಣದ ಕೈ ಖಾಲಿ. ಬಾಯಿ ಬಿಗಿದು ಕಾಲು ಕಟ್ಟಿ ಹೊಡೆದು ಸಾಯಿಸಿದ್ದಾನೆ ಅಂತ ಬರೆದುಕೊಂಡರು. ಅವರು ನೋಡಿದ್ದನ್ನು ಅವರು ಬರೆದರು, ಅದಕ್ಕೆ ನಾನು ಏನಂತ ಬೈಯಲಿ? ಮಾದೇಶ ನಡೆದದ್ದನ್ನು ನಡೆದ ಹಾಗೇ ಹೇಳಿದ. ನಂಬೋಕೆ ಅಲ್ಲಿ ಇನ್ನೊಬ್ಬ ಸಾಕ್ಷಿ ಇರಲಿಲ್ಲ, ಇದ್ದದ್ದು ಕುರಿಗಳು. ಮರಣದಂಡನೆ ಅಂತ ತೀರ್ಪಾಯಿತು. ಮೇಲಿನ ಕೋರ್ಟೂ ಅದನ್ನೇ ಹೇಳಿತು.

ಅಲ್ಲಿ ನಮ್ಮ ಜನಕ್ಕೆ ಸಹಾಯ ಮಾಡೋ ತಮಿಳಿನವರೊಬ್ಬರು ಫೋನಿನಲ್ಲಿ ಸಿಗ್ತಿದ್ದರು, ಅವರನ್ನು ನಾವು ಸೌದಿ ಅಣ್ಣ ಅಂತಿದ್ದೆವು. ಮಾರ್ಗಳಿ ತಿಂಗಳ ಒಂದು ಬೆಳಗ್ಗೆ ಅವರು ಫೋನ್ ಮಾಡಿದರು. "ತಂಗಚ್ಚಿ, ಇನ್ನು ಒಂದೇ ದಾರಿ. ಸತ್ತವನ ವಾರಸುದಾರರು ಮನ್ನಿಪ್ಪು ಕೊಡಬೇಕು" ಅಂದರು. ಮನ್ನಿಪ್ಪು ಅಂದರೆ ಕ್ಷಮೆ. ಆ ವರ್ಷ ಆ ಮಾತು ನನ್ನ ಬಾಯಲ್ಲಿ ಸವೆದು ಹೋಯಿತು. ಇಲಿಯಾಸನಿಗೆ ಅಪ್ಪ ಇಲ್ಲ, ಒಡಹುಟ್ಟಿದವರಿಲ್ಲ, ಮದುವೆ ಆಗಿರಲಿಲ್ಲ. ಉಳಿದವರು ತಾಯಿ ಒಬ್ಬರೇ, ಪ್ಯಾರೀಜಾನ್.

ಅವರ ಮನೆ ಬಾಗಿಲಿಗೆ ನೇರ ಹೋಗೋ ಧೈರ್ಯ ನನಗೂ ಇರಲಿಲ್ಲ. ಯಜಮಾನರನ್ನು ಕರೆದುಕೊಂಡು ಮೊದಲು ಅವರ ಬೀದಿಯ ಪಳ್ಳಿವಾಸಲಿನ, ಅಂದರೆ ಮಸೀದಿಯ, ಗುರು ಅಜ್ರತ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಮೆಲ್ಲಗೆ. ನಾನು ಕೂತ ಕೂಡಲೇ ಶುರು ಹಚ್ಚಿಕೊಂಡೆ. ನಿಮ್ಮ ಕಾನೂನಿನಲ್ಲಿ ಕೊಲ್ಲೋಕೆ ಬಂದವನನ್ನು ತಡೆದರೂ ತಲೆ ತೆಗೀತಾರಾ ಅಂತ ಕೇಳಿದೆ. ಯಜಮಾನರು ನನ್ನ ತೋಳು ಚಿವುಟಿದರು.

ಅಜ್ರತ್ ಬೇಜಾರು ಮಾಡಿಕೊಳ್ಳಲಿಲ್ಲ. ಅವರು ತಮಿಳಲ್ಲಿ ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ. "ಇಲ್ಲಮ್ಮ. ಮೇಲೆ ಬಿದ್ದು ಬಂದವನನ್ನು ತಡೆಯೋದು ಹಕ್ಕು. ಬೆದರಿಸಿದರೆ ನಿಲ್ಲೋ ಹಾಗಿದ್ದರೆ ಬೆದರಿಸಬೇಕು, ಕೈಗೆ ಹೊಡೆದರೆ ನಿಲ್ಲೋ ಹಾಗಿದ್ದರೆ ಕೈಗೆ ಹೊಡೀಬೇಕು. ಯಾವುದಕ್ಕೂ ನಿಲ್ಲದೆ ಅವನು ಸತ್ತರೆ ತಡೆದವನ ಮೇಲೆ ತಪ್ಪಿಲ್ಲ."

"ನನ್ನ ತಮ್ಮ ಅದನ್ನೇ ಮಾಡವ್ನೆ ಅಜ್ರತ್! ಮೊದಲು ಕೈಗೇ ಒಡ್ದಿದ್ದು!"

"ಇರಬಹುದು. ಆದರೆ ಅದನ್ನು ತೋರಿಸಬೇಕಾದವನು ಕೊಂದವನೇ. ಸತ್ತವನು ಎದ್ದು ಬಂದು ಇಲ್ಲ ಅನ್ನೋಕಾಗಲ್ಲವಲ್ಲ. ಬರೀ ಬಾಯಿ ಮಾತು ಸಾಕು ಅಂದರೆ ಕೊಂದವರೆಲ್ಲ ಅದನ್ನೇ ಹೇಳ್ತಾರೆ."

ಎದುರಿನವರ ಮಾತು ನ್ಯಾಯವಾಗಿದ್ದರೆ ನನಗೆ ಇನ್ನೂ ಸಿಟ್ಟು ಬರುತ್ತೆ. ಅವರು ಮುಂದೆ ಹೇಳಿದರು. ಪ್ರಾಣಕ್ಕೆ ಪ್ರಾಣ ಕೇಳೋ ಹಕ್ಕು ಸರ್ಕಾರದ್ದಲ್ಲ, ಸತ್ತವನ ಮನೆಯವರದ್ದು. ಅವರು ಕೇಳಬಹುದು, ಬಿಡಬಹುದು. ಬಿಡೋದು ದೊಡ್ಡದು, ಅದಕ್ಕೆ ಮೇಲೆ ಬೆಲೆ ಇದೆ. ಕತ್ತಿ ಎತ್ತಿದ ಕ್ಷಣದಲ್ಲೂ ಬಿಟ್ಟೆ ಅಂದರೆ ಮುಗೀತು. ಒಮ್ಮೆ ಬಿಟ್ಟ ಮೇಲೆ ವಾಪಸ್ ಕೇಳೋ ಹಾಗಿಲ್ಲ. "ಆದರೆ ಯಾರೂ ಆ ತಾಯಿಯನ್ನು ಬಲವಂತ ಮಾಡಬಾರದು. ನಾನೂ ಮಾಡಲ್ಲ, ನೀನೂ ಮಾಡಬೇಡ. ದುಡ್ಡಿನ ಮಾತಂತೂ ಎತ್ತಲೇಬೇಡ, ಆಕೆ ಆಗಲೇ ಬೇಡ ಅಂದಿದ್ದಾಳೆ" ಅಂದರು.

ವಾಪಸ್ ಬರೋವಾಗ ಬಸ್ಸಿನಲ್ಲಿ ಯಜಮಾನರು "ಪರವಾಯಿಲ್ಲ, ಕಾನೂನು ಒಳ್ಳೇದಾಗೇ ಐತೆ" ಅಂದರು. ಒಳ್ಳೇದಂತೆ! ನಮ್ಮ ಸೇಲಂ ಕೋರ್ಟಲ್ಲಾಗಿದ್ದರೆ ಸತ್ತವನ ತಾಯಿಯನ್ನು ಯಾರೂ ಒಂದು ಮಾತು ಕೇಳೋಲ್ಲ, ಅವಳು ವರಾಂಡದಲ್ಲಿ ಕೂತು ಅತ್ತು ಮನೆಗೆ ಹೋಗ್ತಾಳೆ. ಅಲ್ಲಿ ಅವಳ ಮಾತೇ ಕೊನೆ. ಒಪ್ಪಿದೆ. ಆದರೆ ಮಗನನ್ನು ಕಳಕೊಂಡವಳ ತಲೆ ಮೇಲೆ ಇನ್ನೊಬ್ಬಳ ಮಗನ ಜೀವವನ್ನೂ ಹೊರಿಸೋದು ಅವಳಿಗೆ ಕೊಟ್ಟ ಮರ್ಯಾದೆಯೋ ಶಿಕ್ಷೆಯೋ ನನಗೆ ಇನ್ನೂ ಬಗೆಹರಿದಿಲ್ಲ.

ಮಾರನೇ ವಾರ ಮಿಲ್ಲಿಗೇ ಹೋದೆ. ತಗಡಿನ ನೆರಳಲ್ಲಿ ಹೆಂಗಸರು ಸಾಲಾಗಿ ಕೂತು ಗೆಣಸು ಸುಲೀತಿದ್ದರು. ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕೊನೆಯಲ್ಲಿ ಕೂತಿದ್ದ ಉದ್ದನೆ ಸಣಕಲು ಹೆಂಗಸು, ಗೋರಂಟಿ ಹಚ್ಚಿ ಕೆಂಪಾದ ಕೂದಲು, ಅವರೇ ಪ್ಯಾರೀಜಾನ್ ಅಂತ ತೋರಿಸಿದರು. ಹೋಗಿ ಎದುರು ನಿಂತು, "ಅಮ್ಮ, ನಾನು ಮಾದೇಶನ ಅಕ್ಕ" ಅಂದೆ. ಅವರ ಕೈ ನಿಲ್ಲಲಿಲ್ಲ, ತಲೆ ಎತ್ತಲಿಲ್ಲ. ಹಾಗೇ ಸುಲೀತಾ, "ನಿಂತ್ಕಂಡ್ರೆ ಮೇಸ್ತ್ರಿ ಬೈತಾನೆ. ಕೂತ್ಕ" ಅಂದರು.

ಕೂತೆ. ಕೈ ಕಟ್ಟಿಕೊಂಡು ಕೂರೋದು ನನ್ನ ಹುಟ್ಟುಗುಣದಲ್ಲಿಲ್ಲ. ಪಕ್ಕದಲ್ಲಿದ್ದ ಕತ್ತಿ ತಗೊಂಡು ನಾನೂ ಸುಲಿಯೋಕೆ ಶುರು ಮಾಡಿದೆ. ಸಂಜೆ ಹೊರಡೋವಾಗ, "ಸಿಪ್ಪೆ ದಪ್ಪ ತೆಗೀತೀಯ" ಅಂತ ಮಾತ್ರ ಅಂದರು.

ಹಾಗೆ ಶುರುವಾಯಿತು ನನ್ನ ಆ ಸೀಸನ್. ಪೊಂಗಲ್ ಹೊಲಿಗೆಯ ಗಿರಾಕಿ, ಮನೆ, ಮಕ್ಕಳ ಪರೀಕ್ಷೆ ಎಲ್ಲ ಬಿಟ್ಟು ಬಿಡುವಾದಾಗೆಲ್ಲ ಬಸ್ಸು ಹತ್ತೋದು, ಆ ನಾತದಲ್ಲಿ ಕೂತು ಸುಲಿಯೋದು. ಗೆಣಸಿನ ಹಾಲು ಬೆರಳಿಗೆ ಅಂಟಿ ಕಪ್ಪಾಗ್ತಿತ್ತು, ಬೆಳಗ್ಗೆ ಹೊಲಿಯೋಕೆ ಕೂತರೆ ಬಿಳಿ ಬಟ್ಟೆ ಮುಟ್ಟೋಕೆ ಭಯ. ಪ್ಯಾರೀಜಾನಮ್ಮ ಆಮೇಲಾಮೇಲೆ ಮಾತಾಡಿದರು, ಇಲ್ಲ ಅನ್ನಲ್ಲ. ಊಟದ ಡಬ್ಬಿಯಿಂದ ನನಗೂ ಸ್ವಲ್ಪ ತೆಗೆದಿಡೋರು. ಚೆನ್ನಾಗಿ ಹೊಲಿತೀಯಂತೆ, ನನ್ನ ಕುಪ್ಪಸದ ತೋಳು ಸ್ವಲ್ಪ ಬಿಡಿಸಿಕೊಡು ಅಂದರು, ಕೊಟ್ಟೆ. ಆದರೆ ಆ ದಿನದ ಮಾತು ನನ್ನ ಬಾಯಿಗೆ ಬಂದರೆ ಸಾಕು, ಕತ್ತಿ ಕೆಳಗಿಟ್ಟು ಎದ್ದು ಹೋಗಿಬಿಡೋರು. ನಾನು ಉಗುಳು ನುಂಗಿಕೊಂಡು ಸುಲೀತಿದ್ದೆ. ನನ್ನಂಥವಳಿಗೆ ಅದೇನು ಸಣ್ಣ ಶಿಕ್ಷೆಯಾ?

ತೈ ತಿಂಗಳು ಮುಗೀತಾ ಬಂದಾಗ ಒಂದು ಮಧ್ಯಾಹ್ನ ಅವರೇ ಬಾಯಿ ಬಿಟ್ಟರು. "ಮನ್ನಿಸ್ತೀನಿ. ಅಜ್ರತ್ ಅತ್ರಾನೂ ಯೋಳಿವ್ನಿ. ನನ್ನ ಮಗ ಓದ, ನಿನ್ನ ತಮ್ಮ ಸತ್ರೆ ಇವ್ನು ಬರ್ತಾನಾ? ಆದ್ರೆ ಒಂದು. ನನ್ನ ಮಗ ಕೈ ಎತ್ತಿದ ಅಂತ ಅವ್ನು ಕೋರ್ಟಲ್ಲಿ ಯೋಳವ್ನಲ್ಲ, ಆ ಮಾತ ಬುಡ್ಬೇಕು. ನನ್ನ ಮಗ ಅನ್ಯಾಯ ಮಾಡ್ತಾ ಸತ್ತ ಅನ್ನುಸ್ಕಂಡು ಅಲ್ಲಾನ ಮುಂದೆ ನಿಂತ್ಕಬಾರ್ದು."

ನನ್ನ ಎದೆ ಮೇಲಿಂದ ಬಂಡೆ ಇಳಿದ ಹಾಗಾಯಿತು. ಅಷ್ಟೇ ತಾನೇ! ಒಂದು ಮಾತು. ಬಸ್ಸಿನಲ್ಲಿ ಕೂತು ದಾರಿ ಉದ್ದಕ್ಕೂ ಅತ್ತೆ, ಸಂತೋಷಕ್ಕೆ.

ಜೈಲಿಂದ ಮಾದೇಶನ ಫೋನ್ ವಾರಕ್ಕೊಂದು ಸಲ ಬರ್ತಿತ್ತು. ಅಂಗಡಿಯ ಷಟರ್ ಅರ್ಧ ಎಳೆದು ಒಳಗೆ ಕೂತು ಅವನಿಗೆ ಹೇಳಿದೆ. ಅವನು ಕಡ್ಡಿ ಮುರಿದ ಹಾಗೆ, "ಆಗಲ್ಲಕ್ಕ" ಅಂದ.

"ಏನ್ಲಾ ಆಗಲ್ಲ? ಏನು ಆಗಲ್ಲ?"

"ಅವ್ನು ಸಲಾಕೆ ಎತ್ಕಂಡು ಬಂದ. ನಾನು ತಡ್ದೆ. ಅದ ಬುಟ್ಟು ಬೇರೆ ಎಂಗೆ ಯೋಳ್ಲಿ?"

"ಸುಳ್ಳು ಯೋಳ್ಲಾ! ಜನ ಒಂದು ಸೈಟಿಗೆ ಸುಳ್ಳು ಯೋಳ್ತಾರೆ, ಒಂದು ಲೈಸೆನ್ಸಿಗೆ ಸುಳ್ಳು ಯೋಳ್ತಾರೆ. ನಿನ್ನ ತಲೆಗೆ ನೀನು ಯೋಳಕ್ಕಾಗಲ್ವಾ?"

"ಅಕ್ಕ, ಅವ್ನೂ ನಾನೂ ಒಂದೇ ತಟ್ಟೇಲಿ ಉಂಡೋರು. ಸುಮ್ಸುಮ್ನೆ ಅವ್ನ ಒಡ್ದು ಸಾಯ್ಸಿದೋನು ಅಂತ ನಾನೇ ನನ್ನ ಬಾಯಲ್ಲಿ ಒಪ್ಕಂಡು ಬಂದು, ಊರಲ್ಲಿ ಎಂಗೆ ಬದುಕ್ಲಿ? ತಪ್ಪು ಮಾಡ್ದೋನು ಮನ್ನಿಪ್ಪು ಕೇಳ್ಬೇಕು. ನಾನು ಯಾಕೆ ಕೇಳ್ಲಿ?"

ನಾನು ಬೈದೆ. ಅಪ್ಪನ ಆಣೆ ಹಾಕಿದೆ, ನನ್ನ ಮಕ್ಕಳ ಆಣೆ ಹಾಕಿದೆ. ಮುಂದಿನ ವಾರ ಕೈ ಮುಗಿದು ಬೇಡಿಕೊಂಡೆ, ಅದರ ಮುಂದಿನ ವಾರ ಮತ್ತೆ ಬೈದೆ. ಗೋಡೆಗೆ ಹೇಳಿದ ಹಾಗೆ. ಸೌದಿ ಅಣ್ಣನೂ ಜೈಲಿಗೆ ಹೋಗಿ ಬುದ್ಧಿ ಹೇಳಿ ಬಂದರು. "ತಂಗಚ್ಚಿ, ನಿನ್ನ ತಮ್ಮ ಒಳ್ಳೆ ಹುಡುಗ, ಆದರೆ ಕಲ್ಲು" ಅಂದರು. ನಮ್ಮ ಬೀದಿಯಲ್ಲಿ ಕೆಲವರು, ತಪ್ಪು ಮಾಡಿರೋದಕ್ಕೇ ಅವನಿಗೆ ಮನ್ನಿಪ್ಪು ಕೇಳೋಕೆ ಮುಖ ಇಲ್ಲ ಅಂತ ಆಡಿಕೊಂಡರು. ಇನ್ನು ಕೆಲವರು, ಆ ಜನಕ್ಕೆ ದಯೆ ಅನ್ನೋದು ಎಲ್ಲಿ ಬರಬೇಕು ಅಂತ ನನ್ನ ಅಂಗಡಿಗೇ ಬಂದು ಸಮಾಧಾನ ಹೇಳಿದರು. ಅವರನ್ನು ಎಬ್ಬಿಸಿ ಕಳಿಸಿದೆ. ದಯೆ ಕೊಡೋಕೆ ಆ ತಾಯಿ ಗೆಣಸಿನ ರಾಶಿ ಮುಂದೆ ಕೂತು ಕಾಯ್ತಿದ್ದಾರೆ, ತಗೊಳ್ಳೋಕೆ ಇವನು ತಯಾರಿಲ್ಲ. ಇದನ್ನು ಯಾರಿಗೆ ಬಿಡಿಸಿ ಹೇಳಲಿ?

ಮಾಸಿ ತಿಂಗಳು ಕಳೆದು ಬಿಸಿಲು ಏರಿತು. ಮಿಲ್ಲಿಗೆ ಬರೋ ಗೆಣಸಿನ ಲಾರಿ ಕಡಿಮೆಯಾದವು. ಶಿಕ್ಷೆ ಯಾವತ್ತು ಬೇಕಾದರೂ ಆಗಬಹುದು, ಮುಂಚೆ ಹೇಳೋದೂ ಇಲ್ಲ ಅಂತ ಸೌದಿ ಅಣ್ಣ ಹೇಳಿದ ಮೇಲೆ ಫೋನ್ ಅಂದರೆ ನನಗೆ ಜ್ವರ ಬಂದ ಹಾಗಾಗ್ತಿತ್ತು. ಅಂಥ ಒಂದು ದಿನ ಪ್ಯಾರೀಜಾನಮ್ಮ, "ಏನಂದ ನಿನ್ನ ತಮ್ಮ?" ಅಂತ ಕೇಳಿದರು. ಆ ಪ್ರಶ್ನೆಗೆ ಇಷ್ಟು ದಿನ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿಕೊಂಡು ಬಂದಿದ್ದೆ. ಅವತ್ತು ನನ್ನ ತಾಳ್ಮೆ ಹರಿದು ಹೋಯಿತು.

"ಒಪ್ಪಲ್ಲ ಅಂತಾನಮ್ಮ! ಸಾಯ್ತೀನಿ, ಆ ಮಾತು ಮಾತ್ರ ಆಡಲ್ಲ ಅಂತಾನೆ. ಏನು ಮಾಡ್ಲಿ ನಾನು? ನೀವೂ ಇಳಿಯಲ್ಲ, ಅವ್ನೂ ಇಳಿಯಲ್ಲ. ನಿಮ್ಮಿಬ್ಬರ ನಡುವೆ ನಾನು ನಾಯಿಪಾಡು ಪಡ್ತಾ ಇವ್ನಿ!"

ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಪ್ಯಾರೀಜಾನಮ್ಮನ ಮುಖ ಕೆಂಪಾಯಿತು. "ನನ್ನ ಮಗನ ಬಾಯಿ ಬಿಗ್ದು, ಕಾಲು ಕಟ್ಟಿ, ಕುರಿ ಕುಯ್ಯೋ ಆಗೆ ಒಡ್ದು ಸಾಯ್ಸಿ, ಮ್ಯಾಲೆ ಅವ್ನೇ ಬಂದ ಅಂತಾನಾ? ಕಾಲು ಕಟ್ಟುಸ್ಕಂಡೋನು ಎಂಗೆ ಬರ್ತಾನೆ ಯೋಳು!"

ಇಷ್ಟು ತಿಂಗಳು ಪಕ್ಕದಲ್ಲಿ ಕೂತು ಸುಲಿದಿದ್ದೀನಿ, ಆ ತಾಯಿ ಮನಸ್ಸಲ್ಲಿ ಇಟ್ಟುಕೊಂಡಿದ್ದ ಚಿತ್ರ ಅದು. ಬದುಕಿದ್ದಾಗಲೇ ಕಟ್ಟಿದ್ದು ಅಂತ. ನನಗೆ ಹೊಳೆಯಲೇ ಇಲ್ಲ. ಹೆಣದ ಕಾಲು ಕಟ್ಟೋದು ನಮಗೆ ಅಷ್ಟು ಮಾಮೂಲು, ಅದನ್ನು ಬಿಡಿಸಿ ಹೇಳಬೇಕು ಅಂತ ಯಾಕನ್ನಿಸುತ್ತೆ? ಹೇಳೋಕೆ ಅವರು ಬಿಟ್ಟರೆ ತಾನೇ!

"ಅಮ್ಮ, ಅದು ಸತ್ತ ಮೇಲೆ ಕಟ್ಟಿದ್ದು" ಅಂದೆ. ಅವರು ಎದ್ದು ಹೋಗೋಕೆ ನೋಡಿದರು. ಕೈ ಹಿಡಿದು ಕೂರಿಸಿದೆ. ಬಲವಂತ ಮಾಡಬೇಡ ಅಂತ ಅಜ್ರತ್ ಹೇಳಿದ್ದು ನೆನಪಿತ್ತು, ಆದರೂ ಬಿಡಲಿಲ್ಲ. ಕಣ್ಣು ಮುಚ್ಚಿಸಿದ್ದು, ಗಲ್ಲಕ್ಕೆ ಟವಲು ಸುತ್ತಿದ್ದು, ಹೆಬ್ಬೆರಳು ಸೇರಿಸಿದ್ದು, ನೆರಳಿಗೆ ಟೆಂಟು ನೆಟ್ಟಿದ್ದು, ಎಲ್ಲ ಒಂದೇ ಉಸಿರಲ್ಲಿ ಹೇಳಿದೆ.

ಅವರು ಕೇಳಿದ್ದು ಒಂದೇ. "ಗಂಟು ಎಲ್ಲಿ ಆಕಿದ್ದ? ಇಂದೆ ಕತ್ತಿಗಾ, ನೆತ್ತಿ ಮ್ಯಾಲಾ?"

"ನೆತ್ತಿ ಮೇಲೆ ಅಮ್ಮ."

ಪ್ಯಾರೀಜಾನಮ್ಮ ಕತ್ತಿ ಕೆಳಗಿಟ್ಟು, ಗೆಣಸಿನ ಹಾಲು ಅಂಟಿದ ಕೈಯಿಂದಲೇ ಮುಖ ಮುಚ್ಚಿಕೊಂಡರು. ಅವರ ಮನೆಗಳಲ್ಲೂ ಸತ್ತವರಿಗೆ ಹಾಗೇ ಕಟ್ಟೋದು, ಗಲ್ಲದಿಂದ ನೆತ್ತಿಗೆ, ಹೆಬ್ಬೆರಳಿಗೆ ಹೆಬ್ಬೆರಳು. ಮಗನ ಮಣ್ಣಿಗೂ ಹೋಗೋಕಾಗದ ತಾಯಿ ಅವರು. ಅವನ ಬಾಯಿ ಯಾರು ಕಟ್ಟಿದರೋ, ಕಣ್ಣು ಯಾರು ಮುಚ್ಚಿದರೋ ಅಂತ ಅಷ್ಟು ದಿನ ಒಳಗೇ ಬೇಯ್ತಿದ್ದರಂತೆ. ಬಹಳ ಹೊತ್ತು ಅತ್ತರು. ಅವತ್ತು ಮೇಸ್ತ್ರಿ ಕೂಡ ಏನೂ ಅನ್ನಲಿಲ್ಲ. ಆಮೇಲೆ ಮುಖ ಒರೆಸಿಕೊಂಡು, "ಅವ್ನ ಅತ್ರ ನಾನು ಮಾತಾಡ್ಬೇಕು" ಅಂದರು.

ಫೋನ್ ಬರೋ ದಿನ ಅವರನ್ನು ಮೇಚೇರಿಗೇ ಕರೆದುಕೊಂಡು ಬಂದೆ. ಅಂಗಡಿಯ ಸ್ಟೂಲಿನ ಮೇಲೆ ಕೂತರು, ನಾನು ಕೊಟ್ಟ ನೀರು ಮುಟ್ಟಲಿಲ್ಲ. ಫೋನ್ ಬಂತು. "ಇಲಿಯಾಸನ ಅಮ್ಮ ಮಾತಾಡ್ತಾರಂತೆ" ಅಂತ ಹೇಳಿ ಸ್ಪೀಕರಿಗೆ ಹಾಕಿದೆ. ಈ ಕಲ್ಲು ಈಗಲೂ ತನ್ನ ಸತ್ಯವನ್ನೇ ಊದಿದರೆ ಇಲ್ಲಿಗೆ ಎಲ್ಲ ಮುಗೀತು ಅಂತ ಗೊತ್ತಿತ್ತು.

"ತಂಬಿ" ಅಂದರು ಅವರು.

"ಅಮ್ಮ" ಅಂದ ಅವನು.

"ಜೀವ ಓಗೋವಾಗ ನೀರು ಕೇಳಿದ್ನಾ?"

"ಕೇಳ್ದ ಅಮ್ಮ. ಬುಟ್ಟೆ. ಒಂದು ಗುಟುಕು ಒಳಕ್ಕೆ ಓಯ್ತು."

"ಏನಾದ್ರೂ ಅಂದ್ನಾ?"

"ನಿಮ್ಮನ್ನ ಕರುದ."

ಪ್ಯಾರೀಜಾನಮ್ಮ ಕಣ್ಣು ಮುಚ್ಚಿದರು. ಬೀದಿಯಲ್ಲಿ ಸಂತೆಯ ಗದ್ದಲ, ಕುರಿಗಳ ಕೂಗು. ಅವರು ಮತ್ತೆ ಬಾಯಿ ತೆರೆದಾಗ ದನಿ ತೀರಾ ಸಣ್ಣಗಾಗಿತ್ತು. "ದಿಟ ಯೋಳು ತಂಬಿ. ನನ್ನ ಮಗ ನಿನ್ನ ಮ್ಯಾಲೆ ಕೈ ಎತ್ತಿದ್ನಾ?"

ನಾನು ಮನಸ್ಸಲ್ಲೇ ಎಲ್ಲ ದೇವರನ್ನೂ ಕರೆದೆ.

"ಇಲ್ಲ ಅಮ್ಮ" ಅಂದ ಮಾದೇಶ. "ಅವ್ನು ಏನೂ ಮಾಡ್ಲಿಲ್ಲ. ಬಿಸ್ಲಿಗೆ ನನ್ಗೇ ತಲೆ ಕೆಟ್ಟಿತ್ತು. ನಾನೇ ಒಡ್ದೆ. ಮನ್ನಿಸ್ಬುಡಿ."

ಅಯ್ಯೋ ಸಿವನೇ! ಇದೇ ಮಾತನ್ನು ಆಡು ಅಂತ ವಾರ ವಾರವೂ ಅವನ ಕಾಲು ಹಿಡಿದಿದ್ದೀನಿ. ನನ್ನ ಮಕ್ಕಳ ಆಣೆಗೆ ಬಗ್ಗಲಿಲ್ಲ, ತನ್ನ ಕುತ್ತಿಗೆಗೆ ಬರೋ ಕತ್ತಿಗೆ ಬಗ್ಗಲಿಲ್ಲ. ಕಂಡರಿಯದ ಒಬ್ಬ ತಾಯಿ ಸಣ್ಣ ದನಿಯಲ್ಲಿ ಕೇಳಿದ ಕೂಡಲೇ ತನ್ನ ನ್ಯಾಯವನ್ನು ಎತ್ತಿ ಅವರ ಮಡಿಲಿಗೆ ಹಾಕಿಬಿಟ್ಟ. ಬದುಕಿದ ಅಂತ ಕುಣಿಯಲೋ, ಇಷ್ಟು ದಿನ ನನ್ನನ್ನು ಯಾಕಪ್ಪ ಸಾಯಿಸಿದೆ ಅಂತ ಬೈಯಲೋ ತಿಳಿಯದೆ ಷಟರ್ ಹಿಡಿದು ನಿಂತಿದ್ದೆ.

"ಸರಿ. ನಾನು ಮನ್ನಿಸ್ದೆ" ಅಂದರು ಅವರು. ಅಷ್ಟೇ.

ಆ ವಾರವೇ ಧರ್ಮಪುರಿಯಲ್ಲಿ ಅಜ್ರತ್ ಮತ್ತು ಅಧಿಕಾರಿಗಳ ಮುಂದೆ ಪ್ಯಾರೀಜಾನಮ್ಮ ಮನ್ನಿಪ್ಪಿಗೆ ಸಹಿ ಹಾಕಿದರು. ಹೊರಗೆ ಬಂದ ಮೇಲೆ ಅವರ ಕಾಲಿಗೆ ಬೀಳೋಕೆ ಹೋದೆ, ಬಿಡಲಿಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯೋಕೆ ಕೂತೆವು. ಅವರು ಟೀ ಆರಿಸಿಕೊಳ್ತಾ, ಏನೋ ಸಾಮಾನ್ಯದ ಮಾತು ಅನ್ನೋ ಹಾಗೆ, "ನಿನ್ನ ತಮ್ಮ ಸುಳ್ಳು ಯೋಳ್ದ" ಅಂದರು.

ನಾನು ತಿರುಗಿ ಅವರ ಮುಖ ನೋಡಿದೆ.

"ಇಲಿಯಾಸು ಚಿಕ್ಕೋನಿದ್ದಾಗ್ಲಿಂದ್ಲೂ ಅಂಗೇ. ಅಸಿವಾದ್ರೆ, ಬಾಯಾರ್ಕೆ ಆದ್ರೆ, ಕೈಗೆ ಸಿಕ್ಕಿದ್ದ ಎತ್ಕಂಡು ಬರೋನು. ನನ್ನ ಮ್ಯಾಲೂ ಬಂದವ್ನೆ. ಆಮ್ಯಾಲೆ ಕಾಲು ಇಡ್ಕಂಡು ಅಳೋನು." ಅವರು ಮಣಿಕಟ್ಟಿನ ಹತ್ತಿರ ಒಂದು ಹಳೇ ಗಾಯದ ಗೆರೆ ತೋರಿಸಿದರು. "ನನ್ಗೆ ಗೊತ್ತಿಲ್ವಾ?"

"ಗೊತ್ತಿತ್ತಾ? ಮತ್ತೆ ಅದನ್ನ ಅಲ್ಲಿಗೆ ಯೋಳ್ಬೋದಿತ್ತಲ್ಲಮ್ಮ!" ಟೀ ಅಂಗಡಿ ಅನ್ನೋದೂ ಮರೆತು ಕೂಗಿದೆ. "ಅವನ ತಾಯೇ ಅಂದ್ರೆ ಕೋರ್ಟು ಒಂದ್ಸಲ ಆದ್ರೂ ಯೋಚ್ನೆ ಮಾಡ್ತಿತ್ತು. ಕೊಲೆಗಾರ ಅನ್ನೋ ಹೆಸರೇ ಬರ್ತಿರ್ಲಿಲ್ಲ ನನ್ನ ತಮ್ಮನಿಗೆ!"

"ಮಣ್ಣಲ್ಲಿರೋ ಮಗನ ಮ್ಯಾಲೆ ಸಾಕ್ಷಿ ಯೋಳಕ್ಕೆ ನನ್ ಕೈಲಾಗಲ್ಲಮ್ಮ. ಮನ್ನಿಸಕ್ಕೆ ಆಗ್ತೈತೆ. ಆಗೋದ ಮಾಡಿವ್ನಿ." ಲೋಟ ಕೆಳಗಿಟ್ಟರು. "ನನ್ನ ಮಗನ ಮಾನ ಉಳುಸ್ದ ನಿನ್ನ ತಮ್ಮ. ನಾನು ಅವ್ನ ಸುಳ್ಳ ನಂಬ್ದೆ ಅಂತ್ಲೇ ಅಂದ್ಕಂಡಿರ್ಲಿ. ನಂಗೆ ಗೊತ್ತು ಅಂತ ಅವ್ನಿಗೆ ಯೋಳ್ಬ್ಯಾಡ."

ಬಸ್ಸಿನಲ್ಲಿ ಮನೆ ತನಕ ಹಲ್ಲು ಕಚ್ಚಿಕೊಂಡು ಬಂದೆ. ಆ ತಾಯಿಯನ್ನು ಬೈಯೋಕೆ ಬಾಯಿ ಬರಲಿಲ್ಲ, ಹೊಗಳೋಕೂ ಮನಸ್ಸು ಬರಲಿಲ್ಲ. ಈಗಲೂ ಹಾಗೇ ಇದೆ.

ಮಾದೇಶನ ತಲೆ ಉಳಿಯಿತು. ಮನೆಯವರು ಬಿಟ್ಟರೂ ಅಲ್ಲಿಯ ಸರ್ಕಾರ ತನ್ನ ಪಾಲಿನ ಜೈಲು ಕೊಟ್ಟಿದೆ, ಅದನ್ನು ಮುಗಿಸಿ ಬರ್ತಾನೆ. ನಮ್ಮ ಬೀದಿಯಲ್ಲಿ ಅವನು ಕೊಲೆ ಮಾಡಿ ತಪ್ಪಿಸಿಕೊಂಡವನು. ಅಲ್ಲ ಅಂತ ಹೇಳೋಕೆ ನನ್ನ ಬಾಯಿ ತುರಿಸುತ್ತೆ, ಹೇಳಿದರೆ ಆ ಮಾತು ನಾಳೆ ಧರ್ಮಪುರಿಗೆ ಹೋಗಿ ಮುಟ್ಟುತ್ತೆ. ಸುಮ್ಮನಿರ್ತೀನಿ. ವಾರ ವಾರ ಫೋನ್ ಬರುತ್ತೆ. ಕುರಿ ಎಷ್ಟಿವೆ, ಮಳೆ ಬಂತಾ ಅಂತ ಕೇಳಿ, ಕೊನೆಗೆ ದನಿ ಇಳಿಸಿ ಅದೇ ಪ್ರಶ್ನೆ ಕೇಳ್ತಾನೆ. "ಅಕ್ಕ, ಅಮ್ಮ ನನ್ನ ಮಾತ ನಂಬಿದ್ರಾ?"

"ನಂಬಿದ್ರು ಕಣ್ಲಾ" ಅಂತೀನಿ. ಫೋನ್ ಇಟ್ಟ ಮೇಲೆ ಮಷೀನಿನ ಮುಂದೆ ಕೂತು ಇಬ್ಬರಿಗೂ ಸೇರಿಸಿ ಬೈತೀನಿ.